ಕೊಬ್ಬರಿ ಅಟ್ಟದ ಕೆಳಗೆ ಗೋಬರ್ ಗ್ಯಾಸು

ನಾನು ತಿಪಟೂರಿನ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪನದು ಕೊಬ್ಬರಿ ಮಂಡಿ. ಹಾಗಾಗಿ ಕೊಬ್ಬರಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಚಿಕ್ಕಂದಿನಿಂದಲೂ ಇತ್ತು. ಚೀಲದಲ್ಲಿ ಬರುತ್ತದೆ, ಚೀಲದಲ್ಲೇ ಲಾರಿ ಹತ್ತುತ್ತದೆ, ನಡುವೆ ಗಂಡಸರು ಒಂದಷ್ಟು ಹೊತ್ತು ಕೂಗಾಡುತ್ತಾರೆ. ನನಗೆ ಗೊತ್ತಿದ್ದ ಕೊಬ್ಬರಿ ಇಷ್ಟೇ. ಅದು ಎಲ್ಲಿ ಒಣಗುತ್ತದೆ, ಯಾರ ತಲೆಯ ಮೇಲೆ ಒಣಗುತ್ತದೆ ಎಂದು ತಿಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹುಳಿಯಾರಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಮೇಲೆ.

ಮಾವನವರದು ಹೆಂಚಿನ ಮನೆ. ಅಡಿಗೆಮನೆಗೆ ಕಾಲಿಟ್ಟ ಮೊದಲ ದಿನ ನಾನು ಮೇಲೆ ನೋಡಿ ಬೆಚ್ಚಿದೆ. ತಲೆಯ ಮೇಲೆ ಅಡಿಕೆ ದಬ್ಬೆಗಳನ್ನು ಸಂದು ಬಿಟ್ಟು ಹಾಸಿದ ಅಟ್ಟ, ಅದರ ಮೇಲೆ ಸೂರು ಮುಟ್ಟುವಷ್ಟು ತೆಂಗಿನಕಾಯಿ. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಿಟಕ್ ಎನ್ನಬೇಕು. ಆಮೇಲೆ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ಬೇಸಿಗೆಯಲ್ಲಿ ಹೆಂಚಿನ ಕಾವೇ ಸಾಕು. ಮಳೆ ಹಿಡಿದರೆ, ಮೋಡ ಕವಿದರೆ, ಕೆಳಗಿನಿಂದ ಹೊಗೆ ಆಡಲೇಬೇಕು. ಇಲ್ಲದಿದ್ದರೆ ಕಾಯಿ ಕೊಳೆಯುತ್ತದೆ. ಅದಕ್ಕೇ ಅಡಿಗೆಮನೆಯ ಮೇಲೇ ಅಟ್ಟ. ಒಂದೇ ಒಲೆ, ಎರಡು ಅಡಿಗೆ. ಕೆಳಗೆ ನಮಗೆ ಮುದ್ದೆ, ಮೇಲೆ ತಿಪಟೂರಿನ ಸಂತೆಗೆ ಕೊಬ್ಬರಿ.

ಈ ಏರ್ಪಾಡನ್ನು ಕಂಡುಹಿಡಿದ ಪುಣ್ಯಾತ್ಮ ಗಂಡಸೇ ಇರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆ ಎರಡು ಅಡಿಗೆಗಳ ನಡುವೆ ಮೂರನೆಯದೊಂದು ಬೇಯುತ್ತದೆ ಎಂಬುದು ಒಲೆಯ ಮುಂದೆ ಕೂರದವರಿಗೆ ಹೊಳೆಯುವ ಸಂಗತಿಯಲ್ಲ.

ಒಲೆಯ ಮುಂದೆ ಕೂರುತ್ತಿದ್ದವಳು ನನ್ನ ಓರಗಿತ್ತಿ, ಭಾವನವರ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ತುರುವೇಕೆರೆ ಕಡೆಯವಳು. ನಮ್ಮ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರಿಗೂ ಕೆಮ್ಮು ಇತ್ತಂತೆ. ಅದನ್ನು ಯಾರೂ ಕಾಯಿಲೆ ಎಂದು ಕರೆದಿರಲಿಲ್ಲ, ವಯಸ್ಸಾಯಿತು ಎಂದು ಕರೆದಿದ್ದರು. ಅತ್ತೆಯ ಒಲೆ, ಅತ್ತೆಯ ಊದುಗೊಳವೆ ಎರಡೂ ಅಕ್ಕನ ಪಾಲಿಗೆ ಬಂದಿದ್ದವು. ನಾನು ಕೈಹಚ್ಚಲು ಹೋದರೆ ಅವಳು ಬಿಡುತ್ತಿರಲಿಲ್ಲ.

"ನೀನು ಪ್ಯಾಟೆಯವಳು ಕಣೇ. ಒಲೆ ಮುಂದೆ ಕುಂತ್ರೆ ಕಣ್ಣೀರು ಸುರಿಸ್ತೀಯ. ಆಮೇಲೆ ಸಾರು ಉಪ್ಪಾಯ್ತು ಅಂತ ಮಾವ ನನ್ನೇ ಬಯ್ತಾರೆ. ಹೋಗು, ಹಸೀಗೆ ಹುಲ್ಲು ಹಾಕು."

ಹೀಗೆ ನಗಿಸಿ ನನ್ನನ್ನು ಕೊಟ್ಟಿಗೆಗೆ ಅಟ್ಟುತ್ತಿದ್ದಳು. ಅವಳ ಜೋರು ಹಾಗಿತ್ತು. ಆದರೆ ಅವಳ ಹೆಸರು ಸುತ್ತಮುತ್ತ ಹರಡಿದ್ದು ಅಡಿಗೆಗಲ್ಲ, ಹಾಡಿಗೆ. ಮದುವೆ ಮನೆಗಳಲ್ಲಿ ಸೋಬಾನೆ ಹೇಳಲು ಅವಳನ್ನು ಕರೆಯದ ಮನೆ ನಮ್ಮೂರಲ್ಲಿ ಇರಲಿಲ್ಲ. ಕೆಂಕೆರೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವಳು ಮುಂದೆ ಹೇಳಬೇಕು, ಉಳಿದ ಹೆಂಗಸರು ಹಿಂದೆ ಹೇಳಬೇಕು. ನನ್ನನ್ನು ಮನೆ ತುಂಬಿಸಿಕೊಂಡ ದಿನ ಹೊಸ್ತಿಲ ಬಳಿ ಅವಳು ಹಾಡಿದ್ದು ನನಗೆ ಈಗಲೂ ಕೇಳಿಸುತ್ತದೆ. ಅಪರಿಚಿತ ಮನೆಯ ಮುಂದೆ ಹೆದರಿ ನಿಂತಿದ್ದೆ. ಆ ದನಿ ಕೇಳಿ, ಇಷ್ಟು ಚೆನ್ನಾಗಿ ಹಾಡುವವಳಿರುವ ಮನೆಯಲ್ಲಿ ನನಗೇನೂ ಕಷ್ಟವಾಗುವುದಿಲ್ಲ ಎಂದು ಧೈರ್ಯ ಬಂತು.

ನಾನು ಹೋದ ಎರಡು ಮೂರು ವರ್ಷಗಳಲ್ಲೇ ಆ ದನಿ ಸವೆಯುತ್ತಾ ಬಂತು. ಹಾಡಿನ ನಡುವೆ ನಿಲ್ಲಿಸಿ ಕೆಮ್ಮುವಳು. ಬಿಂದಿಗೆ ಹೊತ್ತು ಬಾವಿಯಿಂದ ಬಂದರೆ ಕಂಬಕ್ಕೆ ಒರಗಿ ಉಸಿರೆಳೆದುಕೊಳ್ಳುವಳು. ತವರಿಗೆ ಹೋದಾಗ ತುರುವೇಕೆರೆಯ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಬಂದವಳು ನನ್ನೊಬ್ಬಳಿಗೆ ಹೇಳಿದಳು.

"ಹೊಗೆ ಬುಟ್ರೆ ಎದೆ ಉಳೀತದಂತೆ. ಬುಡ್ದೇ ಇದ್ರೆ ಔಷ್ದಿ ಕುಡಿಯೋದೂ ಒಂದೇ, ಕುಡೀದೇ ಇರೋದೂ ಒಂದೇ ಅಂದ್ರು. ನಗು ಬಂತು ಕಣೇ ನಂಗೆ. ಹೊಗೆ ಬುಟ್ಟು ಅಡಿಗೆ ಮಾಡೋದು ಹೆಂಗೆ ಅಂತ ಚೀಟೀಲಿ ಬರೆದುಕೊಡ್ತಾರಾ?"

ನನಗೆ ನಗು ಬರಲಿಲ್ಲ.

ಎಂಬತ್ತರ ದಶಕ ಶುರುವಾದ ಹೊತ್ತಿನಲ್ಲಿ, ಒಂದು ಮಧ್ಯಾಹ್ನ, ಗ್ರಾಮಸೇವಕರು ಸೈಕಲ್ ಒರಗಿಸಿ ನಮ್ಮ ಜಗಲಿಯ ಮೇಲೆ ಕೂತರು. ಗೋಬರ್ ಗ್ಯಾಸಿಗೆ ಸರ್ಕಾರ ಸಹಾಯಧನ ಕೊಡುತ್ತಿದೆ, ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದೇ, ಸಿಮೆಂಟಿಗೆ ಪರ್ಮಿಟ್ಟೂ ಕೊಡಿಸುತ್ತೇವೆ, ಗಾರೆಯವರೂ ನಮ್ಮವರೇ ಬರುತ್ತಾರೆ ಎಂದರು. ಸೌದೆ ಉಳಿಯುತ್ತದೆ, ಸೀಮೆಎಣ್ಣೆ ಉಳಿಯುತ್ತದೆ, ಗೊಬ್ಬರ ಒಳ್ಳೆಯದಾಗುತ್ತದೆ, ಹಳ್ಳಿ ಉದ್ಧಾರವಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಕೊನೆಗೆ, ಹೆಣ್ಣುಮಕ್ಕಳಿಗೆ ಹೊಗೆಯ ಕಾಟ ಇರುವುದಿಲ್ಲ ಎಂದೂ ಸೇರಿಸಿದರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ವರ್ಷ ಇಂತಿಷ್ಟು ಗುಂಡಿ ಆಗಲೇಬೇಕೆಂದು ಅವರಿಗೆ ಮೇಲಿನಿಂದ ಒತ್ತಡವಿತ್ತು ಎಂದು ಆಮೇಲೆ ಗೊತ್ತಾಯಿತು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ಮಾವ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಸಗಣಿ ಎಲ್ಲಾ ನಿಮ್ ಗುಂಡಿಗೆ ಸುರಿದ್ಬುಟ್ರೆ ನನ್ ತೆಂಗಿನ ಮರ ಏನ್ ತಿಂತಾವೆ ಸ್ವಾಮಿ?" ಎಂದರು.

"ಸಗಣಿ ಎಲ್ಲೂ ಹೋಗಲ್ಲ ಯಜಮಾನ್ರೇ. ಗ್ಯಾಸು ಮಾತ್ರ ಒಲೆಗೆ ಹೋಯ್ತದೆ. ಬಗ್ಗಡ ಹಂಗೇ ಆಚೆ ಬತ್ತದೆ. ಅದನ್ನ ಮರದ ಪಾತಿಗೆ ಹಾಕಿ, ಕಾಯಿ ಹೆಂಗೆ ಹಿಡೀತದೆ ನೋಡಿ."

ಮಾವ ಮೀಸೆ ಸವರಿಕೊಂಡರು. ಆಮೇಲೆ ನಿಜವಾದ ಅನುಮಾನ ಹೊರಗೆ ಬಂತು. "ಅದ್ಸರಿ ಕಣಪ್ಪ. ನಮ್ದು ಶಿವಪೂಜೆ ಮಾಡೋ ಮನೆ. ಸಗಣಿ ಗ್ಯಾಸ್ನಾಗೆ ಬೇಯ್ಸಿದ್ದ ದೇವ್ರಿಗೆ ಎಡೆ ಇಡಕ್ಕಾಯ್ತದಾ?"

ಗ್ರಾಮಸೇವಕರಿಗೆ ಇದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು.

"ಮಾವ, ನಿಮ್ ಹಣೆ ಮ್ಯಾಲಿರೋ ಇಬೂತಿ ಯಾತ್ರಲ್ಲಿ ಮಾಡಿದ್ದು?"

ಸಗಣಿ ಸುಟ್ಟ ಬೂದಿಯೇ ವಿಭೂತಿ ಎಂದು ಆ ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತು. ಮಾವ ಕೈಯೆತ್ತಿ ಹಣೆ ಮುಟ್ಟಿಕೊಂಡರು. ನಮ್ಮ ಭಾವ, ಮನುಷ್ಯರಿಗಿಂತ ಎತ್ತಿನ ಜೊತೆ ಹೆಚ್ಚು ಮಾತಾಡುವವರು, ಅವರೂ ನಕ್ಕುಬಿಟ್ಟರು. "ಇವ್ಳು ವಕೀಲ್ಕೆ ಓದ್ಬೇಕಾಗಿತ್ತು" ಎಂದರು ಮಾವ. ಗುಂಡಿಗೆ ಒಪ್ಪಿಗೆ ಸಿಕ್ಕಿತು.

ಹಿತ್ತಲಲ್ಲಿ ಕೊಟ್ಟಿಗೆಯ ಪಕ್ಕಕ್ಕೆ ಗುಂಡಿ ತೋಡಿದರು. ಇಟ್ಟಿಗೆಯ ಗುಮ್ಮಟ ಎದ್ದಿತು. ಮೊದಲ ಸಲ ತುಂಬಲು ನಮ್ಮ ಮನೆಯ ಸಗಣಿ ಸಾಲದೆ ಕೇರಿಯ ಮನೆಮನೆಯಿಂದ ಹೊತ್ತು ತಂದೆವು. ಊರಿನವರು ದಾರಿಯಲ್ಲಿ ಹೋಗುತ್ತಾ ಮೂಗು ಮುಚ್ಚಿಕೊಂಡು, "ಏನ್ರಪ್ಪ, ಇವತ್ತು ಸಗಣಿ ಪಾಯಸಾನಾ?" ಎಂದು ರೇಗಿಸಿದರು. ಅಕ್ಕ ಅವರಿಗೆಲ್ಲ ಅಷ್ಟೇ ಚುರುಕಾಗಿ ಬಾಯಿ ಕೊಟ್ಟಳು. ಎಷ್ಟೋ ದಿನಗಳಾದರೂ ಗ್ಯಾಸು ಬರಲಿಲ್ಲ. ಮಾವ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಗುಮ್ಮಟದ ಸುತ್ತ ಒಂದು ಸುತ್ತು ಹಾಕಿ ತೋಟಕ್ಕೆ ಹೋಗುತ್ತಿದ್ದರು.

ಕೊನೆಗೊಂದು ದಿನ ಬಂತು. ಗ್ರಾಮಸೇವಕರು ಕಡ್ಡಿ ಗೀರಿ ಒಲೆಗೆ ಹಿಡಿದರು. ನೀಲಿ ಉರಿ ಸುತ್ತಲೂ ಎದ್ದಿತು. ಅಕ್ಕ ಹಾಲಿಟ್ಟಳು. ಹಾಲು ಉಕ್ಕಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಪಾತ್ರೆಯನ್ನು ಎತ್ತಿ ತಳ ನೋಡಿದ್ದು. ತಳ ಕಪ್ಪಾಗಿರಲಿಲ್ಲ. ಬೆರಳು ಉಜ್ಜಿ ನೋಡಿದಳು, ನನ್ನ ಮುಖದ ಹತ್ತಿರ ಹಿಡಿದು ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯಿಲ್ಲದೆ ಆ ಅಡಿಗೆಮನೆಯಲ್ಲಿ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮರುವಾರ ಅವಳೂ ನಾನೂ ಸೇರಿ ಅಡಿಗೆಮನೆಯ ಗೋಡೆಯನ್ನು ಕೆರೆದೆವು. ಅದೆಷ್ಟು ಕಾಲದ ಮಸಿಯೋ, ಅಂಟಂಟಾಗಿ ಪದರ ಪದರವಾಗಿ ಬಂತು. ಸುಣ್ಣ ಬಳಿದೆವು. ಬಳಿದ ಮೇಲೆ ಅಡಿಗೆಮನೆ ಎಷ್ಟು ದೊಡ್ಡದು ಎಂದು ಗೊತ್ತಾಯಿತು. ಅಷ್ಟು ವರ್ಷ ಆ ಮನೆಯಲ್ಲಿದ್ದ ಅಕ್ಕನಿಗೂ ಮೂಲೆಯಲ್ಲೊಂದು ಗೂಡು ಇರುವುದು ಅವತ್ತು ಕಾಣಿಸಿತು. ಅದರಲ್ಲಿ ಅವಳು ದೀಪ ಇಟ್ಟಳು.

ಆ ಬೇಸಿಗೆ ನಮ್ಮ ಮನೆಯ ಒಳ್ಳೆಯ ಕಾಲ. ಅಕ್ಕನ ಕೆಮ್ಮು ಕಡಿಮೆಯಾಯಿತು. ಊದುಗೊಳವೆಯನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, "ಅತ್ತೆಮ್ಮನ ಆಸ್ತಿ, ಬಿಸಾಕ್ಬಾರ್ದು" ಎಂದಳು. ಮುದ್ದೆ ತೊಳಸುತ್ತಾ ಹಾಡತೊಡಗಿದಳು. ಚೈತ್ರದ ಮದುವೆಗಳಲ್ಲಿ ಅವಳ ದನಿ ಮೊದಲಿನ ಹಾಗೆ ಪೂರ್ತಿಯಾಗಿ ಅಲ್ಲದಿದ್ದರೂ, ಮುಕ್ಕಾಲು ಪಾಲು ವಾಪಸು ಬಂದಿತ್ತು. ಜೀಪಿನಲ್ಲಿ ಸಾಹೇಬರು ಬಂದರು, ಅಕ್ಕನನ್ನು ಒಲೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳು ನಕ್ಕಳು.

ಅವತ್ತು ಬಂದವರಲ್ಲಿ ಒಬ್ಬರಾದರೂ ಕತ್ತೆತ್ತಿ ಮೇಲೆ ನೋಡಬಾರದಿತ್ತೆ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಗುಂಡಿಯ ಆಳ ನೋಡಿದರು, ದನಗಳನ್ನು ಎಣಿಸಿದರು, ಪೈಪಿನ ಉದ್ದ ಅಳೆದರು, ಒಲೆಯ ಉರಿ ನೋಡಿ ತಲೆದೂಗಿದರು. ನೇರ ತಲೆಯ ಮೇಲೆ ವರ್ಷದ ಫಸಲು ಕೂತಿತ್ತು. ಕೊಬ್ಬರಿ ಮಾಡಿಯೇ ಮುದುಕರಾದ ಮಾವನಿಗೂ ಆ ಯೋಚನೆ ಬರಲಿಲ್ಲ. ಬರುವುದಾದರೂ ಹೇಗೆ? ಕಾಯಿಗೆಂದು ಹೊಗೆ ಹಾಕಿ ಅವರಿಗೆ ಗೊತ್ತೇ ಇರಲಿಲ್ಲ. ಹೆಂಗಸರು ಅಡಿಗೆ ಮಾಡುತ್ತಿದ್ದರು, ಕಾಯಿ ಒಣಗುತ್ತಿತ್ತು. ಅದೊಂದು ಕೆಲಸ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಆ ಸಲ ಮಳೆ ಚೆನ್ನಾಗಿ ಹಿಡಿಯಿತು. ನಮ್ಮ ಬಯಲುಸೀಮೆಯಲ್ಲಿ ಮಳೆ ಬಂದರೆ ಯಾರೂ ಬೇಸರಪಡುವುದಿಲ್ಲ. ಹೊರಗೆ ಜಿಟಿಜಿಟಿ ಸುರಿಯುತ್ತಿದ್ದರೆ, ಒಳಗೆ ಬೆಳ್ಳಗಿನ ಗೋಡೆಗಳ ನಡುವೆ ಕೂತು ನಾವಿಬ್ಬರೂ ಅಲಸಂದೆಕಾಯಿ ಬಿಡಿಸುತ್ತಾ ಊರ ಸುದ್ದಿ ಮಾತಾಡಿಕೊಂಡೆವು.

ಕಾಯಿ ಇಳಿಸುವ ಹೊತ್ತಿಗೆ ಚಳಿ ಶುರುವಾಗಿತ್ತು. ಭಾವ ಅಟ್ಟ ಹತ್ತಿ ಒಂದೊಂದಾಗಿ ಕೆಳಗೆ ಕೊಟ್ಟರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟಕ್ ಎನ್ನಬೇಕಾದ ಕಾಯಿ ಸುಮ್ಮನಿತ್ತು. ಕೆಲವು ಮೊಳಕೆ ಒಡೆದಿದ್ದವು. ಸುಲಿದು ಒಡೆದರೆ ಒಳಗೆ ಬೂಷ್ಟು, ಲೋಳೆ, ಕೌಟು ವಾಸನೆ. ಮಾವ ಜಗಲಿಯ ಮೇಲೆ ಕೂತು ಒಂದಾದ ಮೇಲೊಂದು ಹೋಳನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ಚೆನ್ನಾಗಿ ಬಂದದ್ದು ಅಟ್ಟದ ಅಂಚಿನಲ್ಲಿ, ಗಾಳಿಗೆ ಬಿದ್ದಿದ್ದ ಒಂದಷ್ಟು ಮಾತ್ರ. ಉಳಿದದ್ದರಲ್ಲಿ ಎಣ್ಣೆಗಾದರೂ ಆದೀತು ಎನ್ನುವಂಥದ್ದನ್ನು ಆರಿಸಿ ತಿಪಟೂರಿಗೆ, ನಮ್ಮಪ್ಪನ ಮಂಡಿಗೇ ಹಾಕಿದರು. ಅಪ್ಪ ಒಂದು ಉಂಡೆ ಮುರಿದು ಮೂಸಿ, ಬೀಗರ ಮುಖ ನೋಡಲಾರದೆ ಆಚೆ ತಿರುಗಿದರಂತೆ.

ಗ್ಯಾಸಿನ ಮೇಲೆ ಊರೆಲ್ಲ ತಿರುಗಿಬಿತ್ತು. ಗ್ಯಾಸಿನ ಶಾಖಕ್ಕೆ ಕಾಯಿ ಕೊಳೆಯುತ್ತದೆ ಎಂದು ಕೆಲವರು, ಸಗಣಿಯ ಆವಿ ಮೇಲೆ ಹೋಗಿ ಹೀಗಾಯಿತು ಎಂದು ಇನ್ನು ಕೆಲವರು. ಆ ವರ್ಷ ಗುಂಡಿಗೆ ಹೆಸರು ಕೊಟ್ಟಿದ್ದವರೆಲ್ಲ ಹಿಂದೆ ಸರಿದರು. ಮಾವ ಹಾಗೆ ಮೂರ್ಖತನದ ಮಾತು ಆಡುವವರಲ್ಲ. ಅವರಿಗೆ ಕೂಡಲೇ ಅರ್ಥವಾಗಿತ್ತು.

"ಹೊಗೆ ಇಲ್ದೇ ಹಿಂಗಾಗೈತೆ ಕಣವ್ವ" ಎಂದರು ಅಕ್ಕನಿಗೆ, ತಲೆ ತಗ್ಗಿಸಿಕೊಂಡು. "ಗ್ಯಾಸು ಬ್ಯಾಡ ಅನ್ನಲ್ಲ ನಾನು. ಅದರ ಮ್ಯಾಲೇ ಅಡಿಗೆ ಮಾಡು. ಒಲೇನೂ ಒಂದ್ಕಡೆ ಉರೀತಾ ಇರ್ಲಿ."

ನನಗೆ ರೇಗಿತು. ಮಾವನ ಎದುರು ದನಿ ಏರಿಸಬಾರದು ಎನ್ನುವುದೆಲ್ಲ ಮರೆತುಹೋಯಿತು. "ಇದ್ಯಾವ ಸೀಮೆ ನ್ಯಾಯ ಮಾವ? ಅಡಿಗೆಗೆ ಹೊಗೆ ಬೇಡ ಅಂತ ಗುಂಡಿ ಕಟ್ಟಿಸಿ, ಈಗ ಬರೀ ಹೊಗೆಗೋಸ್ಕರ ಒಲೆ ಹಚ್ಚೋದಾ? ಅಕ್ಕನ ಎದೆ ಏನಾಗಬೇಕು?"

"ಮುಂದಿನ್ ವರ್ಷ ಹಿತ್ಲಲ್ಲಿ ಬ್ಯಾರೆ ಅಟ್ಟ ಕಟ್ಸಾನ ಬುಡವ್ವ. ಇದೊಂದ್ ಸಲ" ಎಂದರು. ಆ ಮುಖದಲ್ಲಿ ಹಟವಿರಲಿಲ್ಲ, ಹೆದರಿಕೆಯಿತ್ತು. ಹಾಗಾಗಿ ನಾನೂ ಜಗಳ ಅಲ್ಲಿಗೇ ಬಿಟ್ಟೆ.

ಒಲೆ ಹಚ್ಚಿದ್ದು ಅಕ್ಕನೇ. ಯಾರೂ ಹೇಳದೆ ಹೋಗಿ ಕೊಟ್ಟಿಗೆಯ ಸೂರಿನಿಂದ ಊದುಗೊಳವೆ ತೆಗೆದಳು. ನಾನು ತಡೆಯಲು ಹೋದರೆ ಕೈ ಕೊಡವಿದಳು. "ವರ್ಷದ ಅನ್ನ ಅಲ್ಲಿ ಮ್ಯಾಲೈತೆ ಕಣೇ. ಮಕ್ಳ ಇಸ್ಕೂಲು, ಬಟ್ಟೆ, ಬರೋರು ಹೋಗೋರು, ಎಲ್ಲಾ ಅದ್ರಾಗೇ ಆಗ್ಬೇಕು. ನಂಗೊತ್ತಿಲ್ವಾ?"

ಹಾಗೆ ನಮ್ಮ ಅಡಿಗೆಮನೆಯಲ್ಲಿ ಎರಡು ಉರಿ ಶುರುವಾಯಿತು. ಒಂದು ಮೂಲೆಯಲ್ಲಿ ನೀಲಿ ಉರಿಯ ಮೇಲೆ ಸಾರು, ಇನ್ನೊಂದು ಮೂಲೆಯಲ್ಲಿ ಮಣ್ಣಿನ ಒಲೆಗೆ ತುರುಕಿದ ಕಾಯಿ ಮಟ್ಟೆ ಸುಮ್ಮನೆ ಹೊಗೆಯಾಡುವುದು. ಹೊಗೆ ಇಲ್ಲದ ಅಡಿಗೆಯನ್ನು ಹೊಗೆಯ ನಡುವೆ ಕೂತು ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನೋಡಿದವರು ನಗಬೇಕು, ನಾವು ನಗಲಿಲ್ಲ. ಅಡಿಗೆ ನಾನು ಮಾಡುತ್ತೇನೆ, ನೀನು ಹೊರಗೆ ಕೂತುಕೋ ಎಂದು ಅಕ್ಕನನ್ನು ಹೊರಗೆ ದಬ್ಬಿದರೆ, ಗಳಿಗೆಯಲ್ಲಿ ವಾಪಸು ಬಂದು ಒಲೆಯ ಮಟ್ಟೆ ಸರಿಮಾಡುವಳು. ಉರಿ ಎದ್ದರೆ ಅಟ್ಟಕ್ಕೆ ಅಪಾಯ, ಆರಿದರೆ ಕಾಯಿಗೆ ಅಪಾಯ ಎಂದು ಅವಳಿಗೆ ನೆಮ್ಮದಿಯೇ ಇರಲಿಲ್ಲ. ಬಳಿದ ಸುಣ್ಣ ಒಂದು ಮಳೆಗಾಲದಲ್ಲಿ ಕಂದಿತು. ಇನ್ನೊಂದರಲ್ಲಿ ಗೂಡು ಮತ್ತೆ ಕಾಣದಾಯಿತು.

ನಮ್ಮ ಯಜಮಾನರು ಹುಳಿಯಾರಿನ ಶಾಲೆಯಲ್ಲಿ ಮೇಷ್ಟರು. ಅವರೇ ಒಂದು ಉಪಾಯ ಹೇಳಿದರು. ಗುಂಡಿಗೆ ಸಹಾಯಧನ ಕೊಟ್ಟ ಸರ್ಕಾರ, ಅಟ್ಟವನ್ನು ಆಚೆ ಹಾಕಲೂ ಒಂದಿಷ್ಟು ಕೊಟ್ಟರೆ ಎರಡೂ ಉಳಿಯುತ್ತವಲ್ಲ, ಕೇಳೋಣ ಎಂದರು. ಅವರು, ಅಕ್ಕ, ನಾನು ಮೂವರೂ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಯ ಕಚೇರಿಗೆ ಹೋದೆವು. ಒಳಗೆ ಹೋಗಿ ನೋಡಿದರೆ ಗೋಡೆಯ ಮೇಲೆ ಅಕ್ಕನ ಫೋಟೋ. ಸೆರಗು ಹೊದ್ದು, ಒಲೆಯ ಪಕ್ಕ ನಿಂತು, ಬೆಳ್ಳಗಿನ ಗೋಡೆಯ ಮುಂದೆ ನಗುತ್ತಿದ್ದಾಳೆ. ಸಾಹೇಬರು ಸರಿಯಾಗಿ ಅದರ ಕೆಳಗೆ ಕೂತಿದ್ದರು. ಅವರು ಒಮ್ಮೆ ಫೋಟೋ, ಒಮ್ಮೆ ಅಕ್ಕನನ್ನು ನೋಡಿ ಸಂತೋಷಪಟ್ಟು ಕಾಫಿ ತರಿಸಿದರು.

ಇವರು ವಿಷಯ ಹೇಳಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. ಹೊಗೆ ಬೇಡ ಎಂದು ತಾನೇ ಯೋಜನೆ ಮಾಡಿದ್ದು, ಈಗ ಹೊಗೆಗೇ ಮನೆ ಬೇಕು ಎಂದರೆ ಹೇಗೆ ಎಂದರು. ಆಗ ಅಕ್ಕ ಕುರ್ಚಿಯಿಂದ ಎದ್ದು ನಿಂತಳು.

"ನಮ್ಮನೇಲಿ ಹೊಗೆ ತಿನ್ನೋರು ಇಬ್ರು ಸ್ವಾಮಿ. ಒಂದು ಕಾಯಿ, ಇನ್ನೊಂದು ನಾನು. ಕಾಯಿಗೆ ಬೇಕು, ನಂಗೆ ಬ್ಯಾಡ. ಇಬ್ರನ್ನೂ ಬ್ಯಾರೆ ಬ್ಯಾರೆ ಮಾಡ್ಕೊಡಿ, ಅಷ್ಟೇ ನಾವು ಕೇಳೋದು."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಸಾಹೇಬರು ನೀರು ಕೊಡಿಸಿದರು. ನಿಜವಾಗಿ ಮರುಗಿದರು ಎಂದೇ ನನಗನ್ನಿಸಿತು. ಆದರೆ ಯೋಜನೆಯಲ್ಲಿ ಗುಂಡಿ ಇದೆ, ಪೈಪಿದೆ, ಒಲೆ ಇದೆ. ಸೂರು, ಅಟ್ಟ ಎಂಬುದು ಇಲ್ಲ. ಕೊಬ್ಬರಿಯ ವಿಷಯ ನೋಡುವ ಇಲಾಖೆ ಬೇರೆ, ಅವರಲ್ಲಿ ಗಿಡ ನೆಡಲು ಸಹಾಯಧನ ಉಂಟು, ಒಣಗಿಸಲು ಇಲ್ಲ. ಮೇಲಕ್ಕೆ ಬರೆಯುತ್ತೇನೆ ಎಂದರು. ಬರೆದಿರಲೂಬಹುದು. ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿಕೊಂಡು ಅಕ್ಕ ಹೇಳಿದಳು, "ಫೋಟೋದಲ್ಲಿ ನಾನು ಚೆನ್ನಾಗಿ ಕಾಣ್ತಿದ್ದೆ ಅಲ್ವೇನೇ?"

ಮಾವ ಕೊಟ್ಟ ಮಾತನ್ನು ಮರೆತಿರಲಿಲ್ಲ ಎಂದೂ ಹೇಳಬೇಕು. ತೋಟದ ಬದುವಿನಲ್ಲಿದ್ದ ಬೇವಿನ ಮರ ಕಡಿಸಿ, ತೊಲೆ ಕೊಯ್ಯಿಸಿ ಹಿತ್ತಲಲ್ಲಿ ಪೇರಿಸಿಟ್ಟರು. ಆದರೆ ಮರುವರ್ಷ ಮಳೆಗೆ ಕೊಟ್ಟಿಗೆ ಕುಸಿಯಿತು. ದನ ಬಯಲಲ್ಲಿ ನಿಲ್ಲುವ ಹಾಗಿಲ್ಲ, ತೊಲೆ ಅಲ್ಲಿಗೆ ಹೋಯಿತು. ಅದರ ಮುಂದಿನ ವರ್ಷ ಪಂಪು ಕೆಟ್ಟಿತು. ಪ್ರತಿ ಸಲವೂ ಕಾರಣ ಗಟ್ಟಿಯಾಗಿಯೇ ಇತ್ತು. ಅಲ್ಲದೆ ಕೊಬ್ಬರಿಯನ್ನು ಮನೆಯಿಂದ ಆಚೆ ಇಡುವುದು ಎಂದರೆ ಅವರಿಗೆ ಹೆಣ್ಣುಮಗಳನ್ನು ಆಚೆ ಮಲಗಿಸಿದಷ್ಟು ಆತಂಕ. ಕಳ್ಳಕಾಕರು ಇರುತ್ತಾರೆ, ಲಕ್ಷ್ಮಿ ಒಳಗೇ ಇರಬೇಕು ಎನ್ನುವರು. ಅಕ್ಕನಂತೂ ಒಮ್ಮೆಯೂ ಜ್ಞಾಪಿಸಲಿಲ್ಲ. ಅವಳು ಬಾಯಿಬಿಟ್ಟಿದ್ದರೆ ಎಂದು ಒಮ್ಮೊಮ್ಮೆ ಅವಳ ಮೇಲೂ ನನಗೆ ಸಿಟ್ಟು ಬರುತ್ತದೆ.

ಗ್ಯಾಸು ಸತ್ತದ್ದು ನಿಧಾನವಾಗಿ. ಒಲೆ ಹೇಗೂ ಉರಿಯುತ್ತಿದೆ, ಅದರ ಮೇಲೆ ನೀರು ಕಾಯಲಿ ಎಂದು ಶುರುವಾಯಿತು. ನೀರಾದ ಮೇಲೆ ಹಿಟ್ಟಿನ ಎಸರು. ಎಸರಾದ ಮೇಲೆ ಸಾರು. ಸಗಣಿ ಕಲಸಿ ಸುರಿಯುವ ಕೆಲಸ ದಿನ ಬಿಟ್ಟು ದಿನವಾಯಿತು, ಆಮೇಲೆ ನೆನಪಾದಾಗ. ಉರಿ ಸಣ್ಣದಾಯಿತು. ಒಂದು ಬೇಸಿಗೆ ಗುಮ್ಮಟ ಬಿರುಕು ಬಿಟ್ಟಿತು. ರಿಪೇರಿಗೆ ಕೇಳಿದರೆ, ಒಮ್ಮೆ ಸಹಾಯಧನ ಪಡೆದ ಗುಂಡಿಗೆ ಮತ್ತೆ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ಗ್ರಾಮಸೇವಕರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸಬರು ಹೊಸ ಗುಂಡಿಗಳನ್ನು ಹುಡುಕುತ್ತಿದ್ದರು. ಕಚೇರಿಯ ಗೋಡೆಯ ಮೇಲೆ ಅಕ್ಕ ನಗುತ್ತಲೇ ಇದ್ದಳು.

ಮನೆಯಲ್ಲಿ ಅವಳು ಹಾಡುವುದನ್ನು ಬಿಟ್ಟಳು. ಮದುವೆಗೆ ಕರೆಯಲು ಬಂದವರಿಗೆ ಗಂಟಲು ಕಟ್ಟಿದೆ ಎನ್ನುವಳು. ಕ್ರಮೇಣ ಜನ ಅವಳ ಹೆಸರನ್ನು ಪಟ್ಟಿಯಿಂದ ಬಿಟ್ಟು, ಅವಳ ಹಿಂದೆ ಹೇಳುತ್ತಿದ್ದ ಇನ್ನೊಬ್ಬಾಕೆಯನ್ನು ಕರೆಯತೊಡಗಿದರು.

ಕೊನೆಗೆ ಅಟ್ಟವನ್ನು ಮನೆಯಿಂದ ಆಚೆ ಹಾಕಿಸಿದ್ದು ಯಾರು ಎಂದರೆ, ತಿಪಟೂರಿನ ಸಂತೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಉತ್ತರದ ಕಡೆಯ ವ್ಯಾಪಾರಿಗಳು ಬೆಳ್ಳಗಿನ, ಘಾಟಿಲ್ಲದ ಮಾಲನ್ನೇ ಆರಿಸತೊಡಗಿದ್ದರು. ನಮ್ಮಪ್ಪ ಮನೆಗೆ ಬಂದವರು ಊಟಕ್ಕೆ ಕೂತಾಗ ಹೇಳಿದರು.

"ಅಡಿಗೆಮನೆ ಅಟ್ಟದ ಕೊಬ್ಬರೀಗೆ ಒಗ್ಗರಣೆ ಘಾಟು ಹತ್ತಿರುತ್ತೆ ಅಂತ ಬೇರೆ ರಾಶಿ ಹಾಕಿಸ್ತಾರೆ ಬೀಗ್ರೇ. ಹೊರಗಡೆ ಎತ್ತರಕ್ಕೆ ಅಟ್ಟ ಕಟ್ಟಿ, ಗಾಳಿಯಾಡೋ ಹಾಗೆ ಮಾಡಿ, ಮಳೆಗಾಲದಲ್ಲಿ ಮಾತ್ರ ಸಣ್ಣಗೆ ಹೊಗೆ ಕೊಟ್ಟವರದ್ದು ಒಳ್ಳೆ ಬೆಲೆಗೆ ಹೋಗ್ತಾ ಇದೆ. ನೀವೂ ಕಟ್ಟಿಸಿಬಿಡಿ."

ಮಾವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಯೋಚಿಸಿದರು. ಭಾವ ಬಾಯಿ ಬಿಟ್ಟರು, "ಕಟ್ಸಾನ ಕಣಪ್ಪ. ನಾಳೀಕೇ ಮರ ನೋಡ್ಕಂಬತ್ತೀನಿ."

ಆ ಬೇಸಿಗೆ ಮುಗಿಯುವಷ್ಟರಲ್ಲಿ ಹಿತ್ತಲಲ್ಲಿ ಕೊಬ್ಬರಿಮನೆ ಎದ್ದು ನಿಂತಿತು. ಪಂಪು ಕೆಡಲಿಲ್ಲ, ಕೊಟ್ಟಿಗೆ ಕುಸಿಯಲಿಲ್ಲ, ಕಳ್ಳರ ಮಾತು ಏಳಲೇ ಇಲ್ಲ. ನಾನು ಬಡಿಸುತ್ತಾ ನಿಂತು ಅಪ್ಪನ ಮಾತು ಕೇಳಿದವಳು. ಅವತ್ತು ನನಗೆ ಆದ ಹೊಟ್ಟೆಯುರಿ ಇಷ್ಟು ವರ್ಷವಾದರೂ ಆರಿಲ್ಲ. ಅಕ್ಕನ ಎದೆ ಎಂಬ ಕಾರಣಕ್ಕೆ ಆಗದ್ದು ಕೊಬ್ಬರಿಯ ಘಾಟು ಎಂಬ ಕಾರಣಕ್ಕೆ ಆಯಿತು. ಮಾವ ಕೆಟ್ಟವರಲ್ಲ, ಭಾವ ಕೆಟ್ಟವರಲ್ಲ, ಸರ್ಕಾರದವರೂ ಕೆಟ್ಟವರಲ್ಲ. ಯಾರನ್ನಾದರೂ ಬಯ್ದು ಹಗುರಾಗೋಣ ಎಂದರೆ ಅದಕ್ಕೂ ಅನುಕೂಲವಿಲ್ಲ.

ಕೊಬ್ಬರಿಮನೆಗೆ ಪ್ರವೇಶದ ದಿನ ಹೆಂಗಸರು ಗಂಡಸರು ಸಾಲಾಗಿ ನಿಂತು ಕಾಯಿಗಳನ್ನು ಕೈಯಿಂದ ಕೈಗೆ ಸಾಗಿಸಿದರು. ಅಡಿಗೆಮನೆಯ ಅಟ್ಟ ಖಾಲಿಯಾಯಿತು. ದಬ್ಬೆಗಳ ಸಂದಿನಿಂದ ಹೆಂಚಿನ ಬೆಳಕು ಮೊದಲ ಸಲ ನೆಲಕ್ಕೆ ಬಿತ್ತು. ಆ ವಾರ ನಾನೊಬ್ಬಳೇ ಗೋಡೆ ಕೆರೆದು ಸುಣ್ಣ ಬಳಿದೆ. ಯಾರ ಸಹಾಯಧನಕ್ಕೂ ಕಾಯದೆ ಭಾವ ಗಾರೆಯವನನ್ನು ಕರೆಸಿ ಗುಮ್ಮಟದ ಬಿರುಕು ಮುಚ್ಚಿಸಿದರು, ತಾವೇ ಸಗಣಿ ಕಲಸಿ ಸುರಿದರು. ಹೆಂಡತಿಗೆ ಹೇಳಬೇಕಾದ ಮಾತನ್ನು ಅವರು ಹಾಗೆ ಹೇಳುತ್ತಿದ್ದರು ಎಂದು ನನಗೆ ಗೊತ್ತಾಗುತ್ತಿತ್ತು. ಅವಳಿಗೂ ಗೊತ್ತಿತ್ತು.

ಗ್ಯಾಸು ಬಂದ ದಿನ ಅಕ್ಕನನ್ನು ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದೆ. ಜಗಲಿಯಿಂದ ಅಡಿಗೆಮನೆಗೆ ಬರುವಷ್ಟರಲ್ಲೇ ಅವಳಿಗೆ ಏದುಸಿರು. ಕಡ್ಡಿ ಗೀರಿ ಹಚ್ಚಿದಳು. ನೀಲಿ ಉರಿ ಎದ್ದಿತು. ಗೋಡೆ ನೋಡಿದಳು, ಮೂಲೆಯ ಗೂಡು ನೋಡಿದಳು. ನನಗೆ ಆಸೆ ತಡೆಯಲಾಗಲಿಲ್ಲ. "ಅಕ್ಕ, ಒಂದು ಸೋಬಾನೆ ಹೇಳು. ನನ್ನ ಮನೆ ತುಂಬಿಸಿಕೊಂಡಾಗ ಹೇಳಿದ್ದೆಯಲ್ಲ, ಅದು" ಎಂದೆ.

ಅವಳು ನಕ್ಕು, ಸೆರಗು ಸರಿಮಾಡಿಕೊಂಡು ಎತ್ತಿದಳು. ಶ್ರುತಿ ಸರಿಯಾಗಿಯೇ ಇತ್ತು. ಅರ್ಧ ಸಾಲಿಗೆ ಉಸಿರು ನಿಂತಿತು. ಇನ್ನೊಮ್ಮೆ ಎತ್ತಿದಳು, ಅದೇ ಜಾಗದಲ್ಲಿ ನಿಂತಿತು. ಮೂರನೆಯ ಸಲಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅವಳ ಬೆನ್ನು ಸವರುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆಯೆತ್ತಿ ಖಾಲಿ ಅಟ್ಟವನ್ನು ನೋಡಿದಳು.

"ಅಂತೂ ಕಾಯಿ ಬ್ಯಾರೆ ಸಂಸಾರ ಹೂಡಿದ್ವು ಕಣೇ" ಎಂದಳು. "ನಂಗೆ ಉಸ್ರಿದ್ದಾಗ್ಲೇ ಹೋಗಿದ್ದಿದ್ರೆ, ಹಾಡ್ಕಂಡು ಕಳಿಸ್ಕೊಡ್ತಿದ್ದೆ."